ಖಾಲಿ ಬಂದ ಉತ್ತರ

“ಇಷ್ಟುದ್ದ ಬರೆದಿದ್ದೀರಲ್ಲ, ಪ್ರೇಮಪತ್ರಾನಾ?”

ಬೆನ್ನ ಹಿಂದಿನಿಂದ ಬಂದ ದನಿಗೆ ಅವಳು ತಿರುಗಿಯೂ ನೋಡಲಿಲ್ಲ.

“ಅಲ್ಲ, ಯಂತ್ರಕ್ಕೆ ಬರೆದಿದ್ದು. ಅದಕ್ಕೆ ಕೊನೇವರೆಗೂ ಓದೋ ಸೌಜನ್ಯ ಇದೆ!”

ಅವನು ನಕ್ಕ. ಅವಳು ನಗಲಿಲ್ಲ... ಕಿವಿ ಮಾತ್ರ ಕೆಂಪಾಯಿತು. ಹಾಳು ಕಿವಿ!

ಆಫೀಸಿನಲ್ಲಿ ಅವಳಿಗೆ ‘ಅಲ್ಪವಿರಾಮ’ ಎಂದೇ ಹೆಸರು. ಒಂದು ಅಲ್ಪವಿರಾಮ ಬಿಟ್ಟುಹೋದರೂ ಜಗಳಕ್ಕೆ ನಿಲ್ಲುತ್ತಿದ್ದಳು. ಅವನು ‘ಕತ್ತರಿ’. ಯಾರ ಬರಹ ಕೈಗೆ ಸಿಕ್ಕರೂ ಅರ್ಧ ಮಾಡದೆ ಬಿಡುತ್ತಿರಲಿಲ್ಲ.

ಬಡ ರೋಗಿಗಳ ಚಿಕಿತ್ಸೆಗೆ ನೆರವು ಕೊಡುವ ಸಂಸ್ಥೆಯೊಂದಕ್ಕೆ ಅವರು ಎಐ ಸಹಾಯಕನನ್ನು ಸಿದ್ಧಪಡಿಸುತ್ತಿದ್ದರು. ಅರ್ಜಿಗಳ ಫೈಲ್ ಓದಿ, ಯಾವ ಕಾಗದ ಇದೆ, ಯಾವುದಿಲ್ಲ ಎಂದು ಹೇಳುವುದು ಅದರ ಕೆಲಸ. ಫೈಲ್ ತೆರೆಯುವ ಟೂಲನ್ನು ಕಟ್ಟಿದವನು ಅವನು. ಆ ಟೂಲ್ ಏನು ಮಾಡುತ್ತದೆ, ಏನು ಮಾಡಲಾರದು, ಕೈಕೊಟ್ಟರೆ ಮುಂದೇನು ಎಂಬ ವಿವರಣೆ ಬರೆದವಳು ಅವಳು. ಸಹಾಯಕನಿಗೆ ಆ ವಿವರಣೆಯೇ ಕಣ್ಣು.

ವಿವರಣೆಯ ಕೊನೆಯಲ್ಲಿ ಅವಳು ಹೀಗೆ ಬರೆದಿದ್ದಳು: ‘ಕೈಬರಹದ ಕಾಗದದ ಫೋಟೊವನ್ನು ಈ ಟೂಲ್ ಓದಲಾರದು, ಉತ್ತರ ಖಾಲಿ ಬರುತ್ತದೆ. ಖಾಲಿ ಬಂದರೆ ಕಾಗದವೇ ಇಲ್ಲ ಎಂದು ತೀರ್ಮಾನಿಸಬೇಡ. ಮನುಷ್ಯರಿಗೆ ತೋರಿಸು.’

ಜಗಳ ಕಾಫಿಗೆ ತಿರುಗಿತು, ಕಾಫಿ ಮದುವೆಯ ಮಾತಿಗೆ. “ಹುಡುಗ ಹೇಗಿದಾನೆ?” ಎಂದು ಅಕ್ಕ ಕೇಳಿದಾಗ ಅವಳು ನಾಚಿಕೊಂಡೇ ಹೇಳಿದ್ದಳು: “ಮಾತು ಕಡಿಮೆ ಮಾಡ್ತಾನಕ್ಕಾ... ನನ್ನದನ್ನ!”

ಸಹಾಯಕ ಕೆಲಸ ಶುರುಮಾಡಿದ ಆರನೇ ವಾರ ಸುದ್ದಿ ಬಂತು. ‘ವೈದ್ಯರ ಪತ್ರ ಲಗತ್ತಿಸಿಲ್ಲ’ ಎಂಬ ಷರಾದೊಂದಿಗೆ ಹನ್ನೊಂದು ಅರ್ಜಿಗಳು ತಿರಸ್ಕೃತವಾಗಿದ್ದವು. ಪತ್ರಗಳಿದ್ದವು. ಹನ್ನೊಂದೂ ಕೈಬರಹದವು. ಅರ್ಜಿದಾರರಲ್ಲಿ ಒಬ್ಬ ಟೈಲರ್, ಮತ್ತೊಮ್ಮೆ ಅರ್ಜಿ ಹಾಕುವಷ್ಟು ದಿನ ಬದುಕಲಿಲ್ಲ.

ಅವಳು ವಿವರಣೆ ತೆರೆದಳು. ಕೊನೆಯ ಸಾಲುಗಳೇ ಇರಲಿಲ್ಲ! ಮತ್ತೆ ಸೇರಿಸಿ, ಮೀಟಿಂಗಿಗೆ ಹೋದಳು.

“ಇದನ್ನ ಬರೆದೋರು ಯಾರು?” ಬಾಸ್ ಗುಡುಗಿದರು.

“ನಾನು ಸರ್.”

“ಕೈಬರಹದ ವಿಷಯ ಬರೀಬೇಕು ಅನ್ನೋ ಸಾಮಾನ್ಯ ಬುದ್ಧಿ ಬೇಡ್ವೇನ್ರೀ?”

ಅವಳು ಅವನತ್ತ ನೋಡಿದಳು. *ಹೇಳೋ... ಒಂದೇ ಒಂದು ಮಾತು ಹೇಳು...*

ಅವನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ. ಬಿಗಿಯಾಗಿಯೇ ಇದ್ದ ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದ.

ಅವತ್ತೇ ಅವಳು ಕೆಲಸ ಬಿಟ್ಟಳು. ಅವನ ಫೋನನ್ನೂ ಎತ್ತಲಿಲ್ಲ.

ಎಂಟು ತಿಂಗಳು ಕಳೆದವು. ಈಗ ಅವಳು ಅದೇ ನೆರವು ಸಂಸ್ಥೆಯ ಕೌಂಟರಿನಲ್ಲಿ ಕೂತು, ಯಂತ್ರ ಓದಲಾರದ ಪತ್ರಗಳನ್ನು ಕಣ್ಣಾರೆ ಓದುತ್ತಿದ್ದಳು. ವೈದ್ಯರ ಕೈಬರಹ ಓದಿ ಓದಿ, ಇನ್ನು ಯಾವುದೂ ಅವಳನ್ನು ಹೆದರಿಸುವಂತಿರಲಿಲ್ಲ.

“ಮುಂದಿನವರು...”

ಸಾಲಿನಲ್ಲಿ ನಿಂತು ಬಂದಿದ್ದವನು ಅವನೇ!

“ಅರ್ಜಿನಾ?” ದನಿ ಒಣಗಿತ್ತು.

“ತಪ್ಪೊಪ್ಪಿಗೆ. ಆ ಸಾಲುಗಳನ್ನ ಅಳಿಸಿದ್ದು ನಾನು... ಉದ್ದ ಆಯ್ತು ಅಂತ. ಬಾಸ್‌ಗೂ ಇಲ್ಲಿನ ಮುಖ್ಯಸ್ಥರಿಗೂ ಬರೆದುಕೊಟ್ಟೆ, ಇದು ಅದರ ಪ್ರತಿ. ಟೈಲರ್ ಹೆಂಡತಿ ಹತ್ರಾನೂ ಹೋಗಿ ಹೇಳಿದೆ.”

“ಏನಂದ್ರು?”

“ಪೂರ್ತಿ ಕೇಳಿದ್ರು. ಆಮೇಲೆ ಬಾಗಿಲು ಹಾಕ್ಕೊಂಡ್ರು.”

ಅವಳು ಕಾಗದ ಮುಟ್ಟಲಿಲ್ಲ.

“ನಂಗೊತ್ತಿತ್ತು.”

“ಏನು...?”

“ಅಳಿಸಿದ್ದು ನೀನೇ ಅಂತ. ಯಾರು ಯಾವಾಗ ಏನು ಅಳಿಸಿದ್ರು ಅಂತ ದಾಖಲೆ ಇರುತ್ತಲ್ಲೋ ಪೆದ್ದ! ಮೀಟಿಂಗಿಗೆ ಮುಂಚೇನೇ ನೋಡಿದ್ದೆ.”

“ಮತ್ತೆ ಹೇಳಲಿಲ್ಲ ಯಾಕೆ?”

“ನೀನು ಹೇಳ್ತೀಯ ಅಂತ ಕಾದೆ. ನಿನ್ನ ಪರೀಕ್ಷೆ ಮಾಡ್ತಾ ಕೂತೆ, ಅದು ನನ್ನ ತಪ್ಪು. ನಿನ್ನಿಂದ ಬಂದಿದ್ದು ಬರೀ ಖಾಲಿ. ಆದ್ರೂ ಒಳಗೆ ಏನೋ ಇರಬೇಕು, ನನಗೇ ಓದೋಕಾಗಲಿಲ್ಲ ಅಂತ ಎಂಟು ತಿಂಗಳಿಂದ...”

“ಏನೂ ಇರಲಿಲ್ಲ. ಹೆದರಿಕೆ, ಅಷ್ಟೆ. ನನಗೋಸ್ಕರ ಒಳ್ಳೆ ವಿವರಣೆ ಹುಡುಕಬೇಡ.”

ಎಂಟು ತಿಂಗಳಲ್ಲಿ ಅವಳು ಕೇಳಿದ ಮೊದಲ ನಿಜ ಅದು. ಕಹಿಯಾಗಿತ್ತು. ಆದರೆ ಪೂರ್ತಿಯಾಗಿತ್ತು.

ಅವಳು ಕಾಗದ ಮಗುಚಿ, ಪೆನ್ನು ತಳ್ಳಿದಳು. “ಹಾಗಾದ್ರೆ ನೀನೇ ಬರಿ, ನಿನ್ನ ವಿವರಣೆ. ಉದ್ದ ಆದ್ರೂ ಪರವಾಗಿಲ್ಲ.”

ಅವನು ನಿಂತೇ ಬರೆದ. “ಏನಪ್ಪಾ, ಕಾದಂಬರಿ ಬರೀತಿದ್ದೀಯಾ?” ಎಂದು ಹಿಂದಿನಿಂದ ಯಾರೋ ಗೊಣಗಿದರು.

‘ಕಾಫಿ ಚೆನ್ನಾಗಿ ಮಾಡುತ್ತಾನೆ. ಇವಳನ್ನು ಬಿಟ್ಟು ಬೇರೆ ಯಾರನ್ನೂ ಪ್ರೀತಿಸಲಾರ. ಹೆದರಿದಾಗ ಸುಮ್ಮನಾಗುತ್ತಾನೆ, ಆಗ ನಂಬಬೇಡ.’

ಅವಳು ಎರಡು ಸಲ ಓದಿದಳು. ಕೆಳಗೆ ತಾನೇ ಸೇರಿಸಿದಳು: ‘ಮತ್ತೊಮ್ಮೆ ಕೇಳು.’

“ಇದನ್ನ ಅಳಿಸ್ತೀಯಾ?”

“ಇಲ್ಲ.”

“ಸರಿ, ಪಕ್ಕಕ್ಕೆ ನಿಂತ್ಕೋ. ಜನ ಕಾಯ್ತಿದಾರೆ.” ಅವನತ್ತ ನೋಡದೆಯೇ ಹೇಳಿದಳು, “ಐದೂವರೆಗೆ ನನ್ನ ಕೆಲಸ ಮುಗಿಯುತ್ತೆ.”

“ಕಾಯ್ತೀನಿ...”

“ಕಾಯಿ. ನಿಜಕ್ಕೂ ಉದ್ದ ಅಂದ್ರೆ ಏನು ಅಂತ ಆಗ ಗೊತ್ತಾಗುತ್ತೆ!”

ಕಿವಿ ಮತ್ತೆ ಕೆಂಪಾಗಿತ್ತು. ಹಾಳು ಕಿವಿ...