ಗೋದಾಮಿನ ನೀಲಿ ಬೆಳಕು

"ಸಾಬ್ರ, ನನ್ನ ಗಂಡ ಬೆಂಕಿ ಹಚ್ಚಿಲ್ರೀ. ಆ ಬೆಳಕು ಹಚ್ಚೈತಿ!"

ಸಿಂಧನೂರಿನಿಂದ ಮೊದಲ ಬಸ್ಸಿಗೇ ಬಂದಿದ್ದ ಗದ್ದೆಮ್ಮ ಹಾಗೆಂದು ಪಡಸಾಲೆಯಲ್ಲಿ ಕುಸಿದಾಗ ಹುಸೇನಪ್ಪ ಚಹಾ ಕೆಳಗಿಟ್ಟ. ಲಿಂಗಸುಗೂರಿನ ನಿವೃತ್ತ ಜಮಾದಾರ ರಹಮಾನಸಾಬರ ಮನೆಗೆ ಇಂಥ ಗೋಳು ಬರುವುದು ಹೊಸದಲ್ಲ. ಆದರೆ ಆ ಬೆಳಕಿನ ಸುದ್ದಿ ಕೇಳಿದಾಗಲೆಲ್ಲ ಅವರ ಗೆಳೆಯ ಹುಸೇನಪ್ಪ ಚಡಪಡಿಸುತ್ತಿದ್ದ. ಬೆಳಕು ಕಾಣುತ್ತಿದ್ದ ಗೋದಾಮಿನ ಕಂಪನಿಯಲ್ಲಿ ಅವನ ಷೇರೂ ಇತ್ತು.

ಸಿಂಧನೂರಿನ ಅಮರಗುಂಡಪ್ಪ ಸಾವಕಾರರು ಕಂಪ್ಯೂಟರ್ ಜೋಡಿಸುವ ಕಂಪನಿ ತೆರೆದಾಗ ಮಸ್ಕಿ, ಪಾಮನಕಲ್ಲೂರಿನ ಮಂದಿಯೂ ಮುಗಿಬಿದ್ದು ಷೇರು ಕೊಂಡಿದ್ದರು. ಅಕ್ಕಿ ಗಿರಣಿಗಳು ಮಷೀನು ಕೊಂಡವು. ಆಮೇಲೆ ಬೊಂಬಾಯಿ ದಾರಿಯಾಗಿ ಪರದೇಶದ ಅಗ್ಗದ ಕಂಪ್ಯೂಟರುಗಳು ಬಂದವು. ಅದೇ ಹೊತ್ತಿಗೆ ಅಕ್ಕಿ ಪೇಟೆ ಬಿದ್ದು, ಗಿರಣಿಯವರು ಕೈ ಬಿಗಿಹಿಡಿದರು. ಷೇರನ್ನು ಕೇಳುವವರೇ ಇಲ್ಲದಾಯಿತು. "ಉಳಿದ ಮಷೀನು ಮಾರಿ ಎಲ್ಲಾರಿಗೂ ಅಷ್ಟಿಷ್ಟು ಮುಟ್ಟಸ್ತೀನಿ" ಎಂದು ಮಾತು ಕೊಟ್ಟ ಸಾವಕಾರರು ಎದೆನೋವಿನಿಂದ ತೀರಿಕೊಂಡರು. ಅಂದಿನಿಂದ ಬೀಗ ಹಾಕಿದ ಗೋದಾಮಿನ ಗವಾಕ್ಷಿಯಲ್ಲಿ ಮುಸ್ಸಂಜೆಗೆ ನೀಲಿ ಬೆಳಕು ಕಾಣತೊಡಗಿತು. ಸಾವಕಾರರ ಆತ್ಮ ಮಾತು ಉಳಿಸಿಕೊಳ್ಳಲು ದುಡಿಯುತ್ತಿದೆ ಎಂದರು ಜನ.

ಕೊನೆಗೊಂದು ಕಾಲೇಜು ಅಷ್ಟೂ ಮಷೀನು ಕೊಳ್ಳಲು ಒಪ್ಪಿತ್ತು. ಕಾಲೇಜಿನವರು ನೋಡಲು ಬರುವ ಹಿಂದಿನ ಸಂಜೆ, ಅಂದರೆ ನಿನ್ನೆಯೇ, ಗೋದಾಮು ಸುಟ್ಟುಹೋಗಿತ್ತು. ಗದ್ದೆಮ್ಮನ ಗಂಡ, ಕಾವಲುಗಾರ ಆದೆಪ್ಪ ಠಾಣೆಯಲ್ಲಿದ್ದ.

ಅದೇ ಮುಂಜಾನೆ ಮೂವರೂ ಸಿಂಧನೂರಿಗೆ ಬಂದಾಗ ಗೋದಾಮಿನಲ್ಲಿ ಗೋಡೆಗಳಷ್ಟೇ ನಿಂತಿದ್ದವು. ದೆವ್ವದ ಬೆಂಕಿಯೆಂದು ಒಬ್ಬರೂ ಒಂದು ಕೊಡ ನೀರು ಹಾಕಿರಲಿಲ್ಲ; ಅದು ತಾನೇ ಉರಿದು ಆರಿತ್ತು. ಮ್ಯಾನೇಜರ್ ಮಾಳಿಂಗಪ್ಪ ಪಾಮನಕಲ್ಲೂರಿನವನು. ಕಣ್ಣೊರೆಸಿಕೊಳ್ಳುತ್ತ ಹೇಳಿದ: "ಮಷೀನು ಒಡೀಬಾರ್ದಂತ ಡಬ್ಬಿಯೊಳಗ ಭತ್ತದ ಹೊಟ್ಟು ತುಂಬತಿದ್ವಿರೀ. ಇಲ್ಲಿ ಅದು ಪುಕ್ಕಟ ಸಿಗತೈತಿ. ಆದೆಪ್ಪನ ಬೀಡಿ ಬಿದ್ದು ಹೊಟ್ಟು ಭಗ್ಗಂತ ಹತ್ತಿಬಿಡ್ತು."

ರಹಮಾನಸಾಬರು ಬಾಗಿ ಬೂದಿಯೊಳಗೆ ಮೊಣಕೈತನಕ ಕೈ ತೂರಿಸಿದರು. ಹುಸೇನಪ್ಪ ಹೌಹಾರಿದ. ಅವರು ಮಾತ್ರ ತಣ್ಣಗೆ ಕೈ ತೆಗೆದು, ಕರಗಿ ಗಟ್ಟಿಯಾಗಿದ್ದ ಕಪ್ಪು ಮುದ್ದೆಯೊಂದನ್ನು ರುಮಾಲಿನಲ್ಲಿ ಕಟ್ಟಿಕೊಂಡರು. ಆಮೇಲೆ ಗದ್ದೆಮ್ಮನ ಕಡೆ ತಿರುಗಿ, "ನಿನ್ನ ಮನ್ಯಾಗ ಯಾವ ಒಲಿ ಐತೆವ್ವಾ?" ಎಂದರು.

"ಹೊಟ್ಟಿನ ಒಲಿರೀ. ಸಂಜಿಗೆ ಹಚ್ಚಿದ್ರ ಮರುದಿನ ಮುಂಜಾನಿಗೂ ಒಳಗ ಕೆಂಡ ಇರತೈತಿ."

"ಹಸಿವಾಗೇತೇನ್ರೀ ಸಾಬ್ರ?" ಎಂದ ಹುಸೇನಪ್ಪ. "ನಿನಗ ಊಟದ್ದ ಚಿಂತಿ," ಎಂದು ಅವರು ನಕ್ಕರು.

ಠಾಣೆಯಲ್ಲಿ ಆದೆಪ್ಪ ಕಂಬಿ ಹಿಡಿದು ನಿಂತಿದ್ದ.

"ಬೆಳಕು ಕಂಡಾಗ ಏನ್ ಮಾಡ್ತಿದ್ದಿ?"

"ಕೈ ಮುಗದು ದೂರ ಸರಿತಿದ್ದೆರೀ. ಧಣಿ ಕೆಲಸ ಮಾಡಾಕತ್ತಾರ, ನಡುವ ಹೋಗಬಾರ್ದಂತ."

"ಗೋದಾಮಿನಿಂದ ಏನರ ಹೊರಗ ಹೋತೇನು?"

"ಮಷೀನು ಒಂದೂ ಹೋಗಿಲ್ರೀ, ಧಣಿ ಆಣಿ. ಬರೇ ಹೊಟ್ಟಿನ ಚೀಲ. ದನದ ಕೊಟಗಿಗೆ ಹಾಸಾಕಂತ ಮ್ಯಾನೇಜರ್ ತಮ್ಮೂರಿಗೆ ಟೆಂಪೋದಾಗ ಒಯ್ತಿದ್ರು."

ರಹಮಾನಸಾಬರು ಸಬ್ ಇನ್ಸ್‌ಪೆಕ್ಟರನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. ಜೀಪು ಪಾಮನಕಲ್ಲೂರಿನ ದಾರಿ ಹಿಡಿಯಿತು.

ಮರುದಿನ ಇಳಿಹೊತ್ತು ಷೇರುದಾರರೆಲ್ಲ ಗೋದಾಮಿನ ಅಂಗಳದಲ್ಲಿ ಸೇರಿದರು; ಪೊಲೀಸರು ಆದೆಪ್ಪನನ್ನೂ ಕರೆತಂದಿದ್ದರು. ಸಾವಕಾರರ ಹೆಂಡತಿ ವೀರಭದ್ರಮ್ಮ ಸೆರಗು ಹೊದ್ದು ಮೂಲೆಯಲ್ಲಿ ಕೂತಿದ್ದರು. ಗವಾಕ್ಷಿಯ ಕಪ್ಪು ಬಾಯಿಯತ್ತ ಯಾರೂ ಕಣ್ಣೆತ್ತಲಿಲ್ಲ.

"ಹೊಟ್ಟು ಭಗ್ಗಂತ ಹತ್ತಂಗಿಲ್ಲ," ಎಂದು ರಹಮಾನಸಾಬರು ಶುರುಮಾಡಿದರು. "ಒಳಗೊಳಗ ಹೊಗಿಯಾಡ್ತೈತಿ. ನೀರು ಹಾಕದಿದ್ರ ಮರುದಿನಾನೂ ಕೈ ಸುಡತೈತಿ. ಭತ್ತ ಬೆಳಿಯೂ ಈ ಕಾಲುವಿ ಸೀಮಿ ಹೆಣ್ಣಮಕ್ಕಳಿಗೆಲ್ಲ ಗೊತ್ತಿರೂ ಮಾತಿದು. ಆದ್ರ ನನ್ನ ಕೈ ಸುಡಲಿಲ್ಲ. ಅಂದ್ರ ಸುಟ್ಟ ಡಬ್ಬಿಯೊಳಗ ಹೊಟ್ಟು ಇದ್ದಿದ್ದಿಲ್ಲ. ಇದ್ದದ್ದು ಇದು." ರುಮಾಲು ಬಿಚ್ಚಿದರು. "ಥರ್ಮಾಕೋಲ್. ಪರದೇಶಿ ಮಷೀನಿನ ಜೊತಿ ಬರೂ ಮಾಲು. ಸಾವಕಾರ್ರು ಇದನ್ನ ಎಂದೂ ಕೊಂಡವ್ರಲ್ಲ."

ಅವರು ಮಾಳಿಂಗಪ್ಪನತ್ತ ತಿರುಗಿದರು.

"ನಿನ್ನೂರು ಒಣಬೇಸಾಯದ ಊರು, ಮಾಳಿಂಗಪ್ಪ. ನಿಮ್ಮ ಒಲ್ಯಾಗ ತೊಗರಿಕಟ್ಟಿಗಿ. ಅದು ಭಗ್ಗಂತ ಹತ್ತತೈತಿ, ಅದಕ್ಕ ಹೊಟ್ಟೂ ಹಂಗ ಅಂತ ತಿಳದಿ. ಡಬ್ಬಿ ಖಾಲಿ ಕಾಣಬಾರ್ದಂತ ಹೈದರಾಬಾದ್ ಗುಜರಿಯಿಂದ ಕೆಟ್ಟ ಪರದೇಶಿ ಮಷೀನು ಥರ್ಮಾಕೋಲ್ ಸಮೇತ ತಂದು ಒಳಗ ಇಟ್ಟಿ. ಸಂಜಿಗೆ ಹಿಂದಿನ ಬಾಗಿಲಿಂದ ಒಳಹೊಕ್ಕು ಕಂಪನಿ ಮಷೀನು ಒಂದೊಂದಾಗಿ ಚಾಲೂ ಮಾಡಿ ನೋಡಿ, ಹೊಟ್ಟಿನ ಚೀಲದಾಗ ಹುಗಿಸಿ ಸಾಗಿಸಿದಿ. ನೀಲಿ ಬೆಳಕು ಅಂದ್ರ ಆ ಮಷೀನಿನ ಪರದೆ. ಕಾಲೇಜಿನವ್ರು ಡಬ್ಬಿ ಬಿಚ್ಚೂ ಮೊದಲು ಬೆಂಕಿ ಇಟ್ಟಿ."

"ಅಷ್ಟೂ ಮಷೀನು ಇವನ ಕೊಟಗ್ಯಾಗ ಸಿಕ್ಕಾವು," ಎಂದರು ಸಬ್ ಇನ್ಸ್‌ಪೆಕ್ಟರ್.

ಮಾಳಿಂಗಪ್ಪ ನೆಲಕ್ಕೆ ಕುಕ್ಕರಿಸಿದ. "ನನ್ನ ಮಾತು ಕೇಳಿ ನಮ್ಮೂರವ್ರು ಷೇರು ಹಿಡದಿದ್ರು. ಮುಂಜಾನಿ ಬಾಗಿಲಾ ತೆಗದ್ರ ಅವರ ಮುಖಾನ. ಒಬ್ಬರೂ ಬೈತಿದ್ದಿಲ್ರೀ, ಸುಮ್ಮನ ನಿಂತು ನೋಡ್ತಿದ್ರು. ಮಷೀನು ಮಾರಿದ ರೊಕ್ಕ ಎಲ್ಲಾರಿಗೂ ಹಂಚಿದ್ರ ನಮ್ಮೂರವ್ರಿಗೆ ಏನ್ ಉಳೀತಿತ್ತು?"

"ಅದಕ್ಕ ಆದೆಪ್ಪನ್ನ ಜೈಲಿಗೆ ಹಾಕಸ್ತಿದ್ದೇನು?" ಎಂದರು ವೀರಭದ್ರಮ್ಮ.

ಆದೆಪ್ಪನನ್ನು ಅಲ್ಲೇ ಬಿಟ್ಟರು. ಗದ್ದೆಮ್ಮ ಅಳುತ್ತಲೇ ನಗುತ್ತ ಅವನ ತೋಳು ಹಿಡಿದಳು. ಆದರೆ ಅವನ ಕಾಲು ಕದಲಲಿಲ್ಲ.

"ಹಂಗಾದ್ರ ಸಾಬ್ರ," ಎಂದ ಮೆಲ್ಲಗೆ, "ಅಷ್ಟೂ ದಿನ ಒಳಗಿದ್ದವ್ರು ನಮ್ಮ ಧಣಿ ಅಲ್ಲೇನ್ರೀ?"

ಎಲ್ಲವನ್ನೂ ಬಿಡಿಸಿ ಹೇಳಿದ್ದ ರಹಮಾನಸಾಬರು "ಅಲ್ಲಪ್ಪಾ" ಎಂದಷ್ಟೇ ಅಂದರು. ಸಾವಕಾರರು ತೀರಿಕೊಂಡ ದಿನ ಕಣ್ಣು ಒದ್ದೆಮಾಡದೆ ಕಾವಲಿಗೆ ನಿಂತಿದ್ದ ಮನುಷ್ಯ ಈಗ ಷೇರುದಾರರೆಲ್ಲರ ಎದುರು ಬಾಯಿ ಬಡಿದುಕೊಂಡು ಅತ್ತ. ಹುಸೇನಪ್ಪ ಸದ್ದಾಗದಂತೆ ಚಪ್ಪಲಿ ಬಿಟ್ಟು ನಿಂತ, ಸಾವಿನ ಮನೆಯಲ್ಲಿ ನಿಲ್ಲುವ ಹಾಗೆ.