ಜ್ವರದ ವಾರ್ಡಿನ ಇಬ್ಬರು

ರಂಗಸ್ವಾಮಿಗೆ ಜಂಬ ಎಂದು ಅನು ಮೊದಲ ವಾರದಲ್ಲೇ ತೀರ್ಮಾನಿಸಿದ್ದಳು. ಗುಡ್ ಮಾರ್ನಿಂಗ್ ಎಂದರೆ ತಲೆ ಎತ್ತುತ್ತಿರಲಿಲ್ಲ. ಟೀಗೆ ಕರೆದರೆ ಬರುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ. ಸುತ್ತಲ ಹಳ್ಳಿಗಳ ಮಕ್ಕಳಲ್ಲಿ ಮಿದುಳು ಜ್ವರ ಹಬ್ಬಿತ್ತು. ಆಸ್ಪತ್ರೆಯಲ್ಲಿ ಜಾಗ ಸಾಲದೆ ಪಾಂಡವಪುರದ ಒಂದು ಮದುವೆ ಛತ್ರವನ್ನೇ ವಾರ್ಡು ಮಾಡಿ, ಡಾಕ್ಟರ್ ಓದು ಮುಗಿಸಿ ಹೌಸ್ ಸರ್ಜನ್ಸಿಯಲ್ಲಿದ್ದ ಇವರಿಬ್ಬರನ್ನು ಅಲ್ಲಿಗೆ ಹಾಕಿದ್ದರು. ಅನು ಶ್ರೀರಂಗಪಟ್ಟಣದವಳು. ನಾಗಮಂಗಲ ಕಡೆಯ ರೈತರ ಮನೆಯ ರಂಗಸ್ವಾಮಿ ಅವಳಿಗಿಂತ ಮೊದಲೇ ಬಂದಿದ್ದ.

ಒಂದು ಮಧ್ಯಾಹ್ನ ಫಿಟ್ಸ್ ಬಂದ ಹುಡುಗಿಗೆ ಡ್ರಿಪ್ ಹಾಕಬೇಕಿತ್ತು. ರಂಗಸ್ವಾಮಿ ಸೂಜಿ ಹಿಡಿದು ನಿಂತ. ನಿಂತೇ ಇದ್ದ. ಆಮೇಲೆ ಅದನ್ನು ಟ್ರೇಯಲ್ಲಿಟ್ಟು ಹೊರಗೆ ನಡೆದುಬಿಟ್ಟ.

ಡ್ರಿಪ್ ಹಾಕಿದವಳು ಅನು. ಹುಡುಗಿ ಸುಧಾರಿಸಿಕೊಂಡಳು, ಅನುವಿನ ಸಿಟ್ಟು ಮಾತ್ರ ಇಳಿಯಲಿಲ್ಲ. ಹಿತ್ತಲಿನ ನಲ್ಲಿಯ ಹತ್ತಿರ ಅವನನ್ನು ಹಿಡಿದು, ಡಾಕ್ಟರಾಗಲು ಬಂದಿದ್ದೀರೋ ನಿಂತು ನೋಡಲು ಬಂದಿದ್ದೀರೋ ಎಂದು ಕೇಳಿದಳು.

"ನಿದ್ದೆ ಬತ್ತಿಲ್ಲ," ಎಂದ ಅವನು. "ಕಣ್ ಮುಚ್ಚುದ್ರೆ ಆ ಮಕ್ಳ ಮುಖವೇ ಕಾಣ್ತವೆ. ನಾಲೆ ಏರಿ ಮೇಲೆ ನಡೀವಾಗ ನೀರಿಗೆ ಇಳ್ದುಬುಡಾನ ಅನ್ಸುತ್ತೆ."

ಬೇರೆ ಯಾರದೋ ಕಾಯಿಲೆ ವಿವರಿಸುವವನ ದನಿಯಲ್ಲಿ ಹೇಳಿದ್ದ. ಅದನ್ನು ಕೇಳಿ ಅನು ಹೆದರಿದಳು. ಇವತ್ತೂ ಹಾಗೆ ಅನ್ನಿಸಿತೇ ಎಂದು ನೇರವಾಗಿ ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ಅವಳು ಅವನ ಪಕ್ಕ ಬಿಟ್ಟು ಕದಲಲಿಲ್ಲ.

ಅವಳು ಬರುವ ಮೊದಲು, ಅವನು ನೋಡಿಕೊಂಡ ಮಕ್ಕಳು ಒಂದರ ಹಿಂದೊಂದು ತೀರಿಹೋಗಿದ್ದವೆಂದು ಸಿಸ್ಟರ್ ಮಾಯಮ್ಮ ಆಮೇಲೆ ಹೇಳಿದರು. ಕೊನೆಯ ಮಗುವನ್ನು ಅವನೇ ಎತ್ತಿಕೊಂಡು ಹೋಗಿ ಅದರಪ್ಪನ ಮಡಿಲಿಗೆ ಕೊಟ್ಟಿದ್ದನಂತೆ.

ಅನು ಅವನನ್ನು ವಾರ್ಡಿನ ಮುಖ್ಯಸ್ಥರಾದ ಡಾಕ್ಟರ್ ಚಿಕ್ಕಸ್ವಾಮಿಯವರ ಬಳಿಗೆ ಕರೆದೊಯ್ದಳು. ಅವರೂ ದಣಿದಿದ್ದರು. ಎಲ್ಲರಿಗೂ ಕಷ್ಟವೇ ಕಣಮ್ಮ ಎಂದು ಶುರು ಮಾಡಿದವರು ರಂಗಸ್ವಾಮಿಯ ಮುಖ ನೋಡಿ ಮಾತು ನಿಲ್ಲಿಸಿದರು. ಊರಿನಿಂದ ಅವನ ಅಣ್ಣನನ್ನು ಕರೆಸಿ, ಜೊತೆಮಾಡಿ, ಮೈಸೂರಿನ ಮನೋವೈದ್ಯರಲ್ಲಿಗೆ ಜೀಪಿನಲ್ಲಿ ಕಳಿಸಿದರು.

"ತಲೆ ಕೆಟ್ಟೋದ ಡಾಕ್ಟ್ರು ಅಂತಾರೆ ಊರಲ್ಲಿ," ಎಂದ ರಂಗಸ್ವಾಮಿ, ಜೀಪು ಹತ್ತುತ್ತಾ.

"ಅನ್ನೋರು ಅನ್ಲಿ. ಭಾನುವಾರ ನಾನ್ ಬರ್ತೀನಿ."

ಬಂದಳು. ಆಮೇಲಿನ ಭಾನುವಾರಗಳಲ್ಲೂ ಬಂದಳು. ಮೊದಮೊದಲು ಅವನು ಮೈಸೂರಿನ ಆಸ್ಪತ್ರೆಯ ಮಂಚದಲ್ಲಿ ಗೋಡೆ ನೋಡಿಕೊಂಡು ಮಲಗಿರುತ್ತಿದ್ದ. ಅವಳು ವಾರ್ಡಿನ ಮಾತು ಎತ್ತದೆ, ಬಸ್ಸಿನಲ್ಲಿ ನಡೆದ ಜಗಳಗಳನ್ನು ಹೇಳುತ್ತಾ ಕೂರುತ್ತಿದ್ದಳು.

ಒಂದು ಭಾನುವಾರ ಕಿತ್ತಳೆ ಸುಲಿಯುತ್ತಿದ್ದಾಗ ಅವನ ದನಿ ಕೇಳಿತು.

"ಸಿಪ್ಪೆಗಿಂತ ಹಣ್ಣೇ ಜಾಸ್ತಿ ಕಿತ್ತಾಕ್ತಾ ಇದ್ದೀರ. ನೀವು ಸರ್ಜನ್ ಆಗ್ಬ್ಯಾಡಿ."

ಅನು ಕಣ್ಣೆತ್ತಿದಳು. ಅವನು ನೋಡುತ್ತಿದ್ದುದು ಹಣ್ಣನ್ನಲ್ಲ, ಅವಳನ್ನು. ಸಿಕ್ಕಿಬಿದ್ದವನಂತೆ ಕಿಟಕಿಯ ಕಡೆ ತಿರುಗಿದ. ಕಿವಿಯ ತುದಿ ಮಾತ್ರ ಕೆಂಪಗಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ, ತಡೆಯುವ ಮನಸ್ಸೂ ಇರಲಿಲ್ಲ. ಆವತ್ತು ವಾಪಸ್ಸು ಬರುವಾಗ ಶ್ರೀರಂಗಪಟ್ಟಣದ ಸ್ಟಾಪು ದಾಟಿಹೋದದ್ದೇ ಅವಳಿಗೆ ತಿಳಿಯಲಿಲ್ಲ.

ಚಳಿಗಾಲ ಬರುವ ಹೊತ್ತಿಗೆ ಜ್ವರ ಇಳಿಯಿತು, ಛತ್ರ ಖಾಲಿಯಾಯಿತು. ರಂಗಸ್ವಾಮಿ ಕೆಲಸಕ್ಕೆ ಮರಳಿದ. ಸಂಕ್ರಾಂತಿಯಾದ ಮೇಲೆ ಒಂದು ಬೆಳಿಗ್ಗೆ ಇಬ್ಬರೂ ಶ್ರೀರಂಗಪಟ್ಟಣದ ಹತ್ತಿರದ ಕರಿಘಟ್ಟದ ಬೆಟ್ಟ ಹತ್ತಿದರು. ಕೆಳಗೆ ಲೋಕಪಾವನಿ ಹೊಳೆ ಸದ್ದಿಲ್ಲದೆ ಕಾವೇರಿಗೆ ಸೇರುತ್ತಿತ್ತು.

"ಮಾತ್ರೆ ಇನ್ನೂ ತಗತಾ ಇವ್ನಿ," ಎಂದ ಅವನು. "ಕಾಯ್ಲೆ ತಿರುಗಾ ಬಂದ್ರೂ ಬರಬೋದು ಅಂದವ್ರೆ. ಅದ್ಕೇ ಕೇಳಾಕೆ ಧೈರ್ಯ ಇಲ್ಲ."

"ಏನ್ ಕೇಳೋಕೆ?"

"ಗೊತ್ತಿದ್ದೂ ಕೇಳ್ತೀರಲ್ಲ."

ಅವಳು ನಗಲು ಹೋದಳು, ಆಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನನಗೂ ಬರಬಹುದು," ಎಂದಳು. "ದಿನಾ ಆ ಛತ್ರದ ಬಾಗಿಲಲ್ಲಿ ವಾಪಸ್ ಹೋಗಿಬಿಡೋಣ ಅನ್ನಿಸೋದು. ಈಗಲೂ ಮಗು ಅಳೋದು ಕೇಳಿದ್ರೆ ಉಸಿರು ಹಿಡಿಯುತ್ತೆ. ಯಾರಿಗೂ ಹೇಳಿಲ್ಲ."

ರಂಗಸ್ವಾಮಿ ಮೆಟ್ಟಿಲ ಮೇಲೆ ಅವಳಿಗೆ ಜಾಗ ಬಿಟ್ಟು ಕೂತ.

"ನಂಗೇಳು," ಎಂದ.

ಇಷ್ಟು ತಿಂಗಳಲ್ಲಿ ಅವನು ಅವಳನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅನು ಅವನ ಪಕ್ಕ ಕೂತಳು. ತನ್ನ ಕೈಯಲ್ಲಿ ತೀರಿಕೊಂಡ ಮೊದಲ ಮಗುವಿನ ಹೆಸರಿನಿಂದ ಶುರು ಮಾಡಿದಳು.