ಹಲಗೆಯ ಮೇಲಿನ ಉಗುರು ಗುರುತು

ಸೋಮವಾರ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಫೆಜ್ ನಗರದ ಹಳೇ ಪಟ್ಟಣದ ಠಾಣೆಗೆ ಮೋಹಾ ಎಂಬ ಕುರಿಗಾರ ಬಂದ. ಬೆಟ್ಟದವನು, ಆಡುವುದೂ ಬೆಟ್ಟದ ಮಾತು. ಠಾಣೆಯಲ್ಲಿ ಆ ಮಾತು ಬಲ್ಲವಳು ಕಾನ್‌ಸ್ಟೇಬಲ್ ಯಾಮ್ನಾ ಒಬ್ಬಳೇ. ಅವಳೇ ಹೇಳಿಕೆ ಬರೆದುಕೊಂಡಳು. ಮಗಳು ತುದಾ, ವಯಸ್ಸು ಹತ್ತು. ಅದೇ ಊರಿನ ಇತ್ತೋ ಎಂಬ ಹೆಂಗಸು, ಪಟ್ಟಣದ ಸ್ಕೂಲಿಗೆ ಸೇರಿಸುತ್ತೇನೆಂದು ಹೊಸ ಬ್ಯಾಗು ಕೊಡಿಸಿ ಎರಡು ತಿಂಗಳ ಹಿಂದೆ ಕರೆದೊಯ್ದಿದ್ದಳು.

"ಯಾವ ಸ್ಕೂಲು?" ಇನ್‌ಸ್ಪೆಕ್ಟರ್ ಬೂಶ್ತಾ ಕೇಳಿದ.

"ಗೊತ್ತಿಲ್ಲ ಸಾಹೇಬ್ರೆ."

"ಕುರಿ ಕಳ್ದಿದ್ರೆ ಎರಡು ತಿಂಗಳು ಸುಮ್ನಿರ್ತಿದ್ದೇನಯ್ಯಾ?"

ಈ ಮಾತನ್ನು ಯಾಮ್ನಾ ಬೆಟ್ಟದ ಮಾತಿಗೆ ತಿರುಗಿಸಿ ಹೇಳಲಿಲ್ಲ. ಬೂಶ್ತಾನ ದನಿಯೇ ತಿಳಿಸಿತ್ತು. ಮೋಹಾ ತಲೆ ತಗ್ಗಿಸಿದ.

"ಒಂದೇ ಸಲ ಫೋನ್ ಮಾಡಿದ್ಲು. 'ಅಪ್ಪಾ, ರೊಟ್ಟಿ ನಾನೇ ತಟ್ತೀನಿ, ಒಲೆ ಬೀದೀಲಿದೆ, ನನ್ನ ಆಚೆ ಬಿಡಲ್ಲ' ಅಂತ ಪಿಸುಗುಟ್ಟಿದ್ಲು. ಆವತ್ತಿಂದ ಆ ನಂಬರು ಬಂದ್."

ಎಫ್‌ಐಆರ್ ದಾಖಲಾಯಿತು. ಬೀದಿ ಒಲೆಗೆ ರೊಟ್ಟಿ ಕಳಿಸುವ ಮನೆ ಎಂದರೆ ಹಳೇ ಪಟ್ಟಣದ್ದೇ. ಅಲ್ಲಿ ಮನೆಮನೆಯ ರೊಟ್ಟಿಯೂ ಹಲಗೆಯ ಮೇಲೆ ಆಯಾ ಬೀದಿಯ ಒಂದೇ ಒಲೆಗೆ ಹೋಗುತ್ತದೆ. ಅದಲುಬದಲಾಗದಿರಲೆಂದು ಪ್ರತಿ ಮನೆಯವರೂ ಹಸಿ ಹಿಟ್ಟಿನ ಮೇಲೆ ತಮ್ಮದೊಂದು ಗುರುತು ಒತ್ತುತ್ತಾರೆ.

"ಅಣ್ಣಾ, ನಿಮ್ಮನೇಲಿ ರೊಟ್ಟಿಗೆ ಏನು ಗುರುತು?" ಯಾಮ್ನಾ ಕೇಳಿದಳು.

ಮೋಹಾ ಮೇಜಿನ ಮೇಲೆ ಒತ್ತಿ ತೋರಿಸಿದ. ನಾಲ್ಕು ಬೆರಳಿನ ಚುಕ್ಕಿ, ಪಕ್ಕದಲ್ಲಿ ಹೆಬ್ಬೆರಳ ಉಗುರು. "ಅವಳಮ್ಮ ಕಲಿಸಿದ್ದು."

ಆ ಗುರುತು ಕೇಳುತ್ತ ಬೂಶ್ತಾ, ಯಾಮ್ನಾ ಬೀದಿ ಬೀದಿ ನಡೆದರು. ಆರು ಒಲೆಗಳಲ್ಲಿ ಏನೂ ಸಿಗಲಿಲ್ಲ. ಏಳನೆಯದು ಮುದುಕ ಅಲ್ಲಾಲನದು. ಸಮಯ ಹನ್ನೊಂದೂವರೆ.

"ನಾಕು ಚುಕ್ಕಿ, ಒಂದು ಉಗುರು. ಹಸಿರು ಬಾಗಿಲ ಮನೆ, ಬತೂಲಮ್ಮಾವ್ರದ್ದು" ಎಂದ ಅಲ್ಲಾಲ್. "ಮೊದಲು ಅವರದ್ದು ಕತ್ತರಿ ಆಕಾರದ ಗುರುತು. ಎರಡು ತಿಂಗಳಿಂದ ಇದು."

"ಗುರುತು ಬದಲಾಯ್ತು ಅಂದ್ರೆ ಕೈ ಬದಲಾಯ್ತು ಅಂತ. ಯಾರ ಕೈ ಅಂತ ಕೇಳಲಿಲ್ವಾ?" ಬೂಶ್ತಾ ಗುಡುಗಿದ.

"ನಾನು ರೊಟ್ಟಿ ಬೇಯ್ಸೋನು ಸಾಹೇಬ್ರೆ. ಮನೆ ಒಳಗಿಂದು ನಂಗ್ಯಾಕೆ?"

"ಹೌದಪ್ಪಾ. ಊರಿಗೆ ಊರೇ ರೊಟ್ಟಿ ಬೇಯ್ಸೋರೇ!"

ಮುದುಕ ಇನ್ನೂ ಒಲೆಗಿಡದ ಒಂದು ಹಲಗೆ ಎಳೆದ. "ಇದು ಅವರದ್ದೇ, ಇವತ್ತಿಂದು."

ನಾಲ್ಕೂ ರೊಟ್ಟಿಯ ಮೇಲೆ ಕತ್ತರಿ ಗುರುತು.

ಯಾಮ್ನಾ ಹಲಗೆಯ ಮೇಲೆ ಬಾಗಿದಳು. "ನಿನ್ನೆ?"

"ನಿನ್ನೆ ಉಗುರೇ ಇತ್ತಮ್ಮ."

ಅವಳು ಓಡಿದಳು. ಕತ್ತೆಗಳು, ತರಕಾರಿ ಗಾಡಿಗಳು, ಯಾವುದೂ ಕಣ್ಣಿಗೆ ಬೀಳಲಿಲ್ಲ. ಇವತ್ತು ಆ ಮಗು ಹಿಟ್ಟು ಮುಟ್ಟಿಲ್ಲ. ಯಾಕೆ ಮುಟ್ಟಿಲ್ಲ? ಆ ಪ್ರಶ್ನೆ ಬೆನ್ನಿಗೆ ಬಿದ್ದಿತ್ತು. ಹಿಂದೆ ಬೂಶ್ತಾ ಓಡುತ್ತಲೇ ಸರ್ಕಾರಿ ವಕೀಲರಿಗೆ ಫೋನ್ ಮಾಡಿ ಶೋಧನೆಗೆ ಅನುಮತಿ ಪಡೆದ.

"ನಮ್ಮನೇಲಿ ಯಾವ ಹುಡುಗೀನೂ ಇಲ್ಲ" ಎಂದಳು ಬತೂಲ್, ಹಸಿರು ಬಾಗಿಲು ತೆರೆದು.

"ಹಾಗಾದ್ರೆ ಮಾಳಿಗೆ ಕೋಣೆಗೆ ಬೀಗ ಯಾಕಮ್ಮಾ?" ಮನೆಯೆಲ್ಲ ನೋಡಿ ಬಂದ ಬೂಶ್ತಾ ಕೇಳಿದ.

"ಪಾರಿವಾಳ."

"ಕೀಲಿ ಕೊಡಿ. ಪಾರಿವಾಳ ಎಣಿಸ್ತೀವಿ."

ಹನ್ನೆರಡೂ ಐದಕ್ಕೆ ಅಲ್ಲಾಲನೂ ನೆರೆಯವನೊಬ್ಬನೂ ಪಂಚರಾಗಿ ನಿಂತಾಗ ಬೀಗ ತೆಗೆದರು. ಮೂಲೆಯಲ್ಲಿ ತುದಾ ಇದ್ದಳು. ಬಲಗೈಗೆ ಹರಕು ಬಟ್ಟೆ ಸುತ್ತಿತ್ತು. ಅಡಿಯಲ್ಲಿ ಬಿಸಿನೀರಿಗೆ ಬೆಂದ ಚರ್ಮ. ಬೂಶ್ತಾನ ಸಮವಸ್ತ್ರ ಕಂಡದ್ದೇ ಗೋಡೆಗೆ ಒತ್ತಿಕೊಂಡಳು.

"ನಾನೇನೂ ಕದ್ದಿಲ್ಲ" ಎಂದಳು ಬೆಟ್ಟದ ಮಾತಿನಲ್ಲಿ. "ಜೈಲಿಗೆ ಹಾಕ್ಬೇಡಿ."

ಬೂಶ್ತಾನಿಗೆ ಮಾತು ತಿಳಿಯದಿದ್ದರೂ ಮುಖ ತಿಳಿಯಿತು. ಮೆಟ್ಟಿಲಿಳಿದು ಮರೆಯಾದ. ಯಾಮ್ನಾ ಹೊಸ್ತಿಲಾಚೆಯೇ ನೆಲದ ಮೇಲೆ ಕೂತಳು, ಒಳಗೆ ಹೋಗಲಿಲ್ಲ.

"ನಿಮ್ಮಪ್ಪ ಠಾಣೇಲಿ ಕೂತಿದಾನೆ ಪುಟ್ಟಿ. ನೀನು ಬರೋವರೆಗೂ ನಾನು ಇಲ್ಲೇ ಇರ್ತೀನಿ. ಅವಸರ ಇಲ್ಲ."

ತುದಾ ಹೊಸ್ತಿಲು ದಾಟಲು ನಲವತ್ತು ನಿಮಿಷ ಹಿಡಿಯಿತು. ಪಂಚನಾಮೆಯಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ.

ಕೆಳಗೆ ಬತೂಲ್ ಬಾಯಿಬಿಟ್ಟಿದ್ದಳು. ಕೈ ಸುಟ್ಟವಳಿಂದ ಕೆಲಸವಾಗದೆಂದು ನಿನ್ನೆಯೇ ಇತ್ತೋಗೆ ಹೇಳಿ ಕಳಿಸಿದ್ದಳಂತೆ. ಮೂರೂವರೆಯ ಬಸ್ಸಿಗೆ ಇನ್ನೊಬ್ಬಳು ಬರುವವಳಿದ್ದಳು.

ಬಸ್ಸು ಮೂರೂ ನಲವತ್ತಕ್ಕೆ ಬಂತು. ಇತ್ತೋ ಇಳಿದಳು, ಅವಳ ಕೈ ಹಿಡಿದು ಎಂಟು ವರ್ಷದ ಹುಡುಗಿ, ಆ ಹುಡುಗಿಯ ಬೆನ್ನಿಗೆ ಹೊಸ ಬ್ಯಾಗು. ಬೂಶ್ತಾ ಇತ್ತೋಳ ತೋಳು ಹಿಡಿದ. ಹುಡುಗಿ ಯಾಮ್ನಾಳನ್ನು ನೋಡಿದಳು.

"ನೀವೇನಾ ಟೀಚರು?"

ಬ್ಯಾಗಿನಲ್ಲಿ ಏನೂ ಇರಲಿಲ್ಲ. ಆ ಹುಡುಗಿಯನ್ನು ಮರುದಿನ ಬೆಳಿಗ್ಗೆ ಯಾಮ್ನಾ ತಾನೇ ತಾಯಿಯ ಮಡಿಲಿಗೆ ಮುಟ್ಟಿಸಿ ಬಂದಳು.

ತುದಾ ಮಕ್ಕಳ ಆಶ್ರಯಮನೆಯಲ್ಲಿ ಉಳಿದಳು, ನ್ಯಾಯಾಧೀಶರ ಅಪ್ಪಣೆಯಂತೆ ತಂದೆಯೂ ಜೊತೆಗಿದ್ದ. ಬಾಗಿಲು ಮುಚ್ಚಿದರೆ ಕಿರುಚುತ್ತಿದ್ದಳು. ಅವಳ ಕೋಣೆಯ ಬಾಗಿಲನ್ನೇ ಕಳಚಿಟ್ಟರು. ಅಡುಗೆಮನೆಗೆ ಕರೆಯಬಾರದೆಂದು ವೈದ್ಯೆ ಕಟ್ಟಪ್ಪಣೆ ಮಾಡಿದ್ದಳು. ತುದಾ ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಅಕ್ಷರ ತಿದ್ದತೊಡಗಿದಳು.

ಇತ್ತೋಳ ಹೇಳಿಕೆ ಚಿಕ್ಕದು. "ಏಳು ವರ್ಷಕ್ಕೇ ನನ್ನನ್ನೂ ಹೀಗೇ ಮನೆಗೆಲಸಕ್ಕೆ ತಂದು ಬಿಟ್ರು. ಯಾರೂ ಹುಡುಕ್ಕೊಂಡು ಬರ್ಲಿಲ್ಲ. ಸತ್ತೆನಾ ನಾನು? ಬದುಕೋದು ಹೀಗೇ ಅಂದ್ಕೊಂಡೆ."

ಬರೆಯುವುದು ನಿಲ್ಲಿಸಿ ಯಾಮ್ನಾ ಕೇಳಿದಳು: "ನಿಮ್ಮಮ್ಮ ರೊಟ್ಟಿಗೆ ಏನು ಗುರುತು ಹಾಕ್ತಿದ್ರು?"

ಇತ್ತೋ ಥಟ್ಟನೆ ಮೇಜಿನ ಮೇಲೆ ಬೆರಳೂರಿದಳು. ಎರಡು ಬೆರಳು ಒತ್ತಿದಳು, ಮೂರು ಮಾಡಿದಳು, ಮತ್ತೆ ಎತ್ತಿದಳು. ಬಹಳ ಹೊತ್ತು ಆ ಕೈಯನ್ನು ನೋಡುತ್ತಲೇ ಇದ್ದಳು. ಏನೂ ನೆನಪಾಗಲಿಲ್ಲ.